ಮಾವನವರು ಕೈ ತೊಳೆಯುವ ತನಕ

ಊಟಕ್ಕೆ ಎಲ್ಲಿ ಹೋಗೋಣ ಎಂದು ಗುರುಲಿಂಗಪ್ಪನವರು ಸೊಸೆಯನ್ನು ಕೇಳಿದ್ದು ಮದುವೆಯಾದ ಆರು ವರ್ಷದಲ್ಲಿ ಅದೇ ಮೊದಲು. ಕಲಬುರಗಿಯ ಬಸ್ ನಿಲ್ದಾಣದ ಮೂಲೆಯಲ್ಲಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು, ಅಂಗಿ ಇಳಿಬಿಡುತ್ತ ಕೇಳಿದರು.

"ನಾಟಕ ಏಳಕ್ಕದ. ನಾ ಇನ್ನ ಅರ್ಧ ತಾಸಿನಾಗ ಉಣ್ಣಾಕೇ ಬೇಕು. ಎಲ್ಲಿ ಉಣ್ಣೂಣು, ನೀನೇ ಹೇಳವ್ವ ನಾಗರತ್ನಾ."

ಆಗ ಗಂಟೆ ಆರು. ನಾಗರತ್ನಾ ಬೆಳಗಿನಿಂದ ಹತ್ತು ಸಲ ಗಡಿಯಾರ ನೋಡಿದ್ದಳು. ಆ ನಾಟಕ ಕಂಪನಿಯಲ್ಲಿ ಪಾತ್ರ ಮಾಡುವ ಪುತಳಾಬಾಯಿ ಅವಳ ಹಡೆದ ತಾಯಿ. ಹುಡುಗಿ ಬೇಕು, ಬಣ್ಣ ಹಚ್ಚುವ ತಾಯಿ ಬೇಡ. ಅವಳು ನಮ್ಮ ಹೊಸ್ತಿಲು ತುಳಿಯಬಾರದು, ಇವಳು ಅಲ್ಲಿಗೆ ಹೋಗಬಾರದು ಎಂದು ಕಮಲಾಪುರದ ಈ ದೊಡ್ಡ ಮನೆತನ ಕರಾರು ಹಾಕಿಯೇ ಮದುವೆಯ ಅಕ್ಕಿಕಾಳು ಹಾಕಿಸಿತ್ತು. ಮಗಳು ಚೆನ್ನಾಗಿರಲಿ ಎಂದು ಪುತಳಾಬಾಯಿ ಹೂಂ ಅಂದಿದ್ದಳು. ಈಗ ಕಂಪನಿ ಎರಡು ತಿಂಗಳಿಂದ ಕಲಬುರಗಿಯಲ್ಲೇ ಕ್ಯಾಂಪು ಮಾಡಿತ್ತು. ಇವತ್ತು ಕಡೆಯ ಆಟ. ನಾಗರತ್ನಾ ಕಾಲು ಹಿಡಿದದ್ದಕ್ಕೆ ಮಾವನವರು ಮೊನ್ನೆ ಹೇಗೋ ಕರಗಿದ್ದರು.

"ಪರದಿ ಹಿಂದ ಹೋಗಂಗಿಲ್ಲ, ಮಾತಾಡಂಗಿಲ್ಲ. ಕುಂತು ನೋಡೂದು, ಎದ್ದು ಬರೂದು. ನಾನೂ ಬರ್ತೀನಿ."

ತಮಗೆ, ಮಗನಿಗೆ, ಸೊಸೆಗೆ ಎಂದು ಮೂರನೇ ಸಾಲಿನ ಮೂರು ಟಿಕೆಟ್ಟನ್ನೂ ಅವರೇ ಮೊದಲೇ ತಂದಿಟ್ಟಿದ್ದರು. ನಾಗರತ್ನಾ ಕದ್ದು ತಾಯಿಗೆ ಫೋನು ಮಾಡಿ ಅದನ್ನು ತಿಳಿಸಿದ್ದಳು. "ಹಳದಿ ಸೀರಿ ಉಟ್ಕೊಂಡು ಬಾ ಮಗಳ," ಅಂದಿದ್ದಳು ಪುತಳಾಬಾಯಿ. "ಸ್ಟೇಜಿನ ಮ್ಯಾಲಿಂದ ಕತ್ತಲದಾಗೂ ಕಾಣ್ತದ."

ನಾಗರತ್ನಾ ನಿಂತಲ್ಲೇ ವಿಚಾರ ಮಾಡಿದಳು. ಸೇಡಂ ರಸ್ತೆಯ ಎ.ಸಿ. ಹೋಟೆಲು ಬೇಡ, ಮೆನು ತಿರುವಿ, ಆರ್ಡರು ಕೊಟ್ಟು, ಅದು ಬರುವುದರೊಳಗೆ ನಾಟಕ ಅರ್ಧ ಮುಗಿದಿರುತ್ತದೆ. ಕೋಟೆಯ ಕಡೆ ದೋಸೆ ಸಿಗುತ್ತದೆ, ಆದರೆ ರೊಟ್ಟಿಯಿಲ್ಲದ್ದು ಮಾವನವರಿಗೆ ಊಟವೇ ಅಲ್ಲ. ಕಂಪನಿಯ ತಗಡಿನ ಥಿಯೇಟರಿನ ಎದುರಿಗೇ ಮಲ್ಲಣ್ಣನ ಖಾನಾವಳಿ ಇತ್ತು. ಕುಳಿತ ಕೂಡಲೇ ತಾಟು, ತಾಟು ಇಟ್ಟ ಕೂಡಲೇ ರೊಟ್ಟಿ. ಇಪ್ಪತ್ತು ನಿಮಿಷದ ಕೆಲಸ.

"ಮಲ್ಲಣ್ಣನ ಖಾನಾವಳಿಗೆ ಹೋಗೂಣ್ರಿ ಮಾವಾರ."

"ಶಾಣ್ಯಾಕಿ ಇದ್ದಿ," ಅಂದರು ಗುರುಲಿಂಗಪ್ಪನವರು. ಆ ಹುಚ್ಚಿ ಹಿಗ್ಗಿಹೋದಳು.

ಅವಳು ಮರೆತದ್ದು ಒಂದೇ. ಆ ಮನೆಯಲ್ಲಿ ಹಿರಿಯರು ಉಂಡು, ತಾಟಿಗೆ ನೀರು ಹಾಕಿ ತೊಳೆದು, ಆ ನೀರು ಕುಡಿದು, ಕೈ ತೊಳೆಯುವ ತನಕ ಪಂಕ್ತಿಯಲ್ಲಿ ಕುಳಿತವರು ಯಾರೂ ಏಳುವಂತಿಲ್ಲ. ಆರು ವರ್ಷ ನಿಂತು ಬಡಿಸಿದವಳಿಗೆ ಕುಳಿತು ಉಣ್ಣುವವರ ಕಟ್ಟಳೆ ಹೇಗೆ ನೆನಪಾಗಬೇಕು?

ಅವಳ ಒಂದು ರೊಟ್ಟಿ ಐದು ನಿಮಿಷದಲ್ಲಿ ಮುಗಿಯಿತು. ಮಾವನವರು ಮೂರನೆಯದನ್ನು ಚೂರು ಚೂರಾಗಿ ಮುರಿದು, ಎಣ್ಣೆಗಾಯಿಗೆ ಒತ್ತಿ, ಶೇಂಗಾ ಹಿಂಡಿಗೆ ಮೊಸರು ಕಲಸುತ್ತಿದ್ದರು. "ಮಲ್ಲಣ್ಣಾ, ಬಿಸಿದು ಇನ್ನೊಂದು ತಾರೋ." ಥಿಯೇಟರಿನಲ್ಲಿ ಮೊದಲನೇ ಬೆಲ್ಲಾಯಿತು. ಐದನೇ ರೊಟ್ಟಿಗೆ ಎರಡನೇ ಬೆಲ್ಲು.

"ಮಾವಾರ, ನಾ ಮುಂದ ಹೋಗಿ ಕುಂಡ್ರಲೇನ್ರಿ?"

"ಪ್ರಸಾದ ಬಿಟ್ಟು ಪಂಕ್ತ್ಯಾಗಿಂದ ನಡುವ ಏಳ್ತಾರೇನವ್ವ? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಅವಳು ಗಂಡ ಗುರುಪ್ರಸಾದನ ಮುಖ ನೋಡಿದಳು. ಅವನು ತನ್ನ ಖಾಲಿ ತಾಟು ನೋಡಿದ. ಇಂಥವನಿಗೊಂದು ಬಾಯಿ ಯಾಕೆ ಬೇಕಿತ್ತೋ.

ಮೂರನೇ ಬೆಲ್ಲೂ ಆಗಿ, ಹಾರ್ಮೋನಿಯಂ ಶುರುವಾಯಿತು. ಅನ್ನ ಬಂತು, ಮಜ್ಜಿಗೆ ಬಂತು. ನಾಗರತ್ನಾಳ ಎಂಜಲು ಕೈ ಒಣಗಿ ಬೆರಳು ಬಿಗಿದವು. ಆಮೇಲೆ ಮಾವನವರ ಕಣ್ಣು ಅವಳ ಚೀಲಕ್ಕೆ ಬಿತ್ತು. ಅದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿದ್ದವು. ಗೇಟಿನವನ ಕೈಯಲ್ಲಿ ತಾಯಿಗೆ ಮುಟ್ಟಿಸಬೇಕೆಂದು ತಂದಿದ್ದಳು.

"ಹಣ್ಣಿನ ವಾಸನಿ ಬರಾಕತ್ತದಲ್ಲ. ತಗೀ ಇಲ್ಲಿ."

"ನಿಮಗ ಸಕ್ಕರಿ ಅದ ರೀ ಮಾವಾರ..."

"ಅದಕ್ಕೇ ಸೂಜಿ ಚುಚ್ಕೊಂಡೀನಿ."

ಒಂದೊಂದನ್ನೇ ಸುಲಿದು, ನಾರು ತೆಗೆದು, ನಾಲ್ಕು ತಿಂದರು. ಕಡೆಗೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಕಣ್ಣು ಮುಚ್ಚಿ ಕುಡಿದರು. ಕೈ ತೊಳೆದಾಗ ಎಂಟಕ್ಕೆ ಐದು ನಿಮಿಷವಿತ್ತು.

ಅವರು ಮೂರನೇ ಸಾಲಿನಲ್ಲಿ ಕೂಡುವುದಕ್ಕೂ ಎರಡನೇ ಅಂಕದ ಪರದೆ ಏಳುವುದಕ್ಕೂ ಸರಿಹೋಯಿತು. ನಾಗರತ್ನಾ ಸೆರಗು ಸರಿಮಾಡಿಕೊಂಡು, ಬೆಳಕಿಗೆ ಕಾಣುವ ಹಾಗೆ ಮುಂದಕ್ಕೆ ಬಾಗಿದಳು. ರಂಗದ ಮೇಲೆ ಒಂದು ಮನೆ. ನಡುಗೋಡೆಗೆ ಪುತಳಾಬಾಯಿಯ ಫೋಟೊ. ಅದಕ್ಕೆ ಚೆಂಡುಹೂವಿನ ಹಾರ ಹಾಕಿತ್ತು. ಮಗನ ಪಾತ್ರದವನು ಊದಿನಕಡ್ಡಿ ಹಚ್ಚಿ, ಅವ್ವಾ, ನಮ್ಮನ್ನು ಬಿಟ್ಟು ಹೋದೆಯಲ್ಲ ಎಂದು ಅಳುತ್ತಿದ್ದ.

ಗುರುಲಿಂಗಪ್ಪನವರು ಅವಳ ಕಡೆ ವಾಲಿದರು.

"ಮೊದಲನೇ ಅಂಕದಾಗೇ ಸಾಯ್ತಾಳ. ಹೋದ ಮಂಗಳವಾರ ಬಂದು ನೋಡಿ ಹೋಗೀನಿ. ಚೊಲೋ ಮಾಡ್ತಾಳ, ಸುಳ್ಳ್ಯಾಕ ಹೇಳ್ಲಿ."

ನಾಗರತ್ನಾಳಿಗೆ ಆಗ ಎಲ್ಲ ತಿಳಿಯಿತು. ಮೂರು ಖಾಲಿ ಕುರ್ಚಿಗಳಲ್ಲಿ ಒಂದು ಹಳದಿ ಸೀರೆ ಹುಡುಕುತ್ತ ಹುಡುಕುತ್ತ ಪುತಳಾಬಾಯಿ ಈಗಷ್ಟೇ ಸತ್ತಿದ್ದಳು. ಆ ಫೋಟೊದ ಹಿಂದೆ, ನಾಲ್ಕು ಹೆಜ್ಜೆಯಾಚೆ, ಬಣ್ಣ ತೊಳೆಯುತ್ತ ನಿಂತಿರಬೇಕು. ನಾಗರತ್ನಾ ಎದ್ದು ನಿಂತಳು.

ಗುರುಪ್ರಸಾದ ಅವಳ ಮುಂಗೈ ಹಿಡಿದ. ಆ ಸಂಜೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

"ಕುಂಡ್ರು. ಅಪ್ಪಾರು ಇನ್ನ ಎದ್ದಿಲ್ಲ."

ಅವಳು ಕುಳಿತಳು.