ಗುಂಡಯ್ಯನವರ ಸನ್ಮಾನದ ಕಾಫಿ

ಆಲೂರಿನ ನಮ್ಮ ಕಚೇರಿಯ ಲೆಕ್ಕದ ಗುಮಾಸ್ತರು ಹೆಸರಿಗೆ ಗುಂಡಯ್ಯ, ಆಕಾರಕ್ಕೆ ಸೌಟಿನ ಹಿಡಿ. ಅವರಿಗೆ ಟೀಗಿಂತ ಟೀಕೆ ಇಷ್ಟ. ಯಾರಾದರೂ ಮೀಟಿಂಗಿನ ಹೆಸರಲ್ಲಿ ಬಜ್ಜಿ ತಿಂದು ಬಿಲ್ಲು ಇಟ್ಟರೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ತಿಂದೋರು ನೀವು, ತೆರೋರು ಜನವಾ?" ಅನ್ನುತ್ತಿದ್ದರು. ಆ ಗೊಗ್ಗರು ದನಿ ನನಗೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಪಕ್ಕದ ಕೋಣೆಯಲ್ಲಿ ನಾನು ಅವರಂತೆ ಕೆಮ್ಮಿದರೂ ಸಾಕು, ಎಲ್ಲರೂ ಫೈಲು ಬಿಚ್ಚಿಕೊಂಡು ಕೂರುತ್ತಿದ್ದರು.

ತೊಂಬತ್ತೆಂಟರಲ್ಲಿ ಅವರಿಗೇ ಉತ್ತಮ ನೌಕರ ಪ್ರಶಸ್ತಿ ಬಂತು. ಸಾಹೇಬರು ಖುಷಿಯಾಗಿ, ಸನ್ಮಾನದ ದಿನ ಸಿಬ್ಬಂದಿಗೆಲ್ಲ ಕಚೇರಿ ಖರ್ಚಿನಲ್ಲೇ ಉಪ್ಪಿಟ್ಟು, ಮೈಸೂರುಪಾಕು, ಕಾಫಿ ಎಂದರು. ಆ ಖರ್ಚಿನ ಕಡತ ಹೋಗಬೇಕಾದದ್ದೂ ಗುಂಡಯ್ಯನವರ ಮೇಜಿಗೇ. ಸಂಜೆಗೆ ವಾಪಸು ಬಂತು: ನೌಕರರ ತಿಂಡಿಗೆ ಸಾರ್ವಜನಿಕ ಹಣ ಬಳಸುವಂತಿಲ್ಲ, ಹೊರಗಿನ ಅತಿಥಿಗಳಿಗೆ ಮಾತ್ರ ಕೊಡಬಹುದು.

"ನಿಮ್ದೇ ಸನ್ಮಾನ ಕಣ್ರೀ," ಅಂದರು ಟೈಪಿಸ್ಟ್ ರಾಜಲಕ್ಷ್ಮಮ್ಮ.

"ನಂದು ಅಂತ್ಲೇ ಹೊಡೆದಾಕಿದ್ದು."

ಅಷ್ಟು ಹೇಳಿದವರು ಸಮಾರಂಭದ ದಿನ ಬೆಳಿಗ್ಗೆ ನನ್ನನ್ನು ಮೂಲೆಗೆ ಕರೆದರು. "ನಮ್ಮನೆಯೋಳು ತಾಯಮ್ಮ ಬತ್ತಾವ್ಳೆ ಕಣೋ. ಮದ್ವೆಯಾದಾಗಿಂದ ಆಫೀಸು ನೋಡಿದೋಳಲ್ಲ. ಬೇಜಾರು ಮಾಡ್ಕೊಂಡು ಹೋಗ್ಬಾರ್ದು, ಒಸಿ ನೋಡ್ಕೊ."

ಕೆ. ಹೊಸಕೋಟೆ ಬಸ್ಸಿಳಿದು ಬಂದ ತಾಯಮ್ಮನವರನ್ನು ಮುಂದಿನ ಕುರ್ಚಿಯಲ್ಲೇ ಕೂರಿಸಿದೆ. ಸಾಹೇಬರು ಶಾಲು ಹೊದಿಸಿದರು. ಗುಂಡಯ್ಯ ಶಾಲಿನೊಳಗೆ ಕಾಣದಂತಾದರು. ಚಪ್ಪಾಳೆ ಮುಗಿಯುತ್ತಲೇ ಹೋಟೆಲಿನಿಂದ ತಿಂಡಿ ಬಂತು, ಒಂದೇ ಒಂದು ತಟ್ಟೆ, ಒಂದು ಲೋಟ ಕಾಫಿ. ಹೊರಗಿನವರು ಅಂತ ಅಲ್ಲಿದ್ದದ್ದು ತಾಯಮ್ಮ ಒಬ್ಬರೇ.

ಉಪ್ಪಿಟ್ಟಿನ ಹಬೆ ಆಡುತ್ತಿತ್ತು. ಇಡೀ ಆಫೀಸು ಅದನ್ನೇ ನೋಡುತ್ತಿತ್ತು. ತಾಯಮ್ಮ ತಟ್ಟೆ ಕೆಳಗಿಟ್ಟರು.

"ನಮ್ಮೆಜಮಾನ್ರ ಕಾರ್ಯಕ್ಕೆ ಬಂದೋರೆಲ್ಲ ಒಣ ಬಾಯಲ್ಲಿ ಕೂತವ್ರೆ, ನಾನೊಬ್ಳೇ ಹೆಂಗ್ ತಿನ್ಲಿ? ಮನೇಲೂ ಹಿಂಗೇ ಮಾಡ್ತೀನಿ ಅಂದ್ಕೊಳಾಕಿಲ್ವಾ ಇವ್ರೆಲ್ಲ?" ಎಂದು ಚೀಲ ಎತ್ತಿಕೊಂಡು ಎದ್ದೇಬಿಟ್ಟರು. "ಬಸ್ಸೈತೆ, ಹೋಯ್ತೀನಿ."

ವೇದಿಕೆಯ ಮೇಲೆ ಗುಂಡಯ್ಯನವರ ಮುಖ ಸಣ್ಣಗಾಯಿತು. ಇವಳನ್ನು ತಡೆಯೋ ಅಂತ ಕಣ್ಣಲ್ಲೇ ನನ್ನನ್ನು ಬೇಡಿದರು. ನನಗೆ ಬೇರೇನೂ ತೋಚಲಿಲ್ಲ. ನನ್ನ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅವರದೇ ದನಿ ತೆಗೆದೆ. "ಅತಿಥಿಗೆ ಕೊಟ್ಟ ಮೇಲೆ ತಟ್ಟೆ ಅತಿಥೀದು. ಅವರು ಅದನ್ನ ಯಾರಿಗಾದ್ರೂ ಹಂಚ್ಲಿ, ಕಚೇರಿ ಕೇಳೋ ಹಂಗಿಲ್ಲ."

ಸಭೆ ಗೊಳ್ಳೆಂದಿತು. ತಾಯಮ್ಮ ಮಾತ್ರ ಗಂಡನತ್ತ ತಿರುಗಿ, "ಹೌದೇನ್ರೀ?" ಎಂದರು.

ಗುಂಡಯ್ಯ ನಗಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದರು. ಸಾಹೇಬರೂ ತೀರ್ಪಿಗೆ ಕಾದರು.

"ಹೌದು," ಅಂದರು ಕೊನೆಗೆ. "ಅದಕ್ಕೆ ಅಡ್ಡಿ ಇಲ್ಲ."

ತಾಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟರು. ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರ ಅಂಗೈಗೂ ಪ್ರಸಾದದಂತೆ ಒಂದು ಚೂರು ಉಪ್ಪಿಟ್ಟು, ಚಿಟಿಕೆ ಮೈಸೂರುಪಾಕು. ರಾಜಲಕ್ಷ್ಮಮ್ಮ ಎರಡನೇ ಸಲ ಕೈ ಒಡ್ಡಿದರೆ, "ಎಲ್ರಿಗೂ ಸಾಲ್ಬೇಕಲ್ಲವ್ವ," ಎಂದು ಗದರಿದರು. ಆಮೇಲೆ ವೇದಿಕೆ ಹತ್ತಿ, ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಅರ್ಧ ಬಗ್ಗಿಸಿ ಗಂಡನ ಮುಂದೆ ಹಿಡಿದರು.

ಕಚೇರಿಯ ದುಡ್ಡಿನ ಕಾಫಿಯನ್ನು ಜನ್ಮದಲ್ಲಿ ಮುಟ್ಟದಿದ್ದ ಗುಂಡಯ್ಯ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು ಒಂದು ಗುಟುಕು ಹೀರಿದರು. ಮುಖ ಹುಳ್ಳಗೆ ಮಾಡಿಕೊಂಡರು.

"ಸಕ್ಕರೆ ಜಾಸ್ತಿ ಆಗೈತೆ. ಸರ್ಕಾರದ್ದು ಅಂತ ಸುರಿದ್ಬುಟ್ಟವ್ರೆ."

"ಸುಮ್ಕೆ ಕುಡೀರಿ, ಆರೋಯ್ತದೆ," ಅಂದರು ತಾಯಮ್ಮ, ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತ.