ಎಂಜಿನ್ನಿನ ಹಣೆಬರಹ

ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸುವಷ್ಟರಲ್ಲೇ ಹಾಲೇಶಪ್ಪನಿಗೆ ಅರ್ಧ ದಿನದ ಸುಸ್ತು ಆಗಿಹೋಗಿತ್ತು. ಇನ್ನರ್ಧ ಒಳಗೆ ಕಾಯುತ್ತಿತ್ತು.

ಹದಿನಾರು ವರ್ಷದಿಂದ ಚನ್ನಗಿರಿ ಬಸ್‌ಸ್ಟ್ಯಾಂಡಿನ ಮುಂದೆ ಬಾಡಿಗೆಗೆ ನಿಲ್ಲುತ್ತಿದ್ದ ಅಂಬಾಸಿಡರ್ ಅದು. ಮದುಮಕ್ಕಳು, ಬಾಣಂತಿಯರು, ಎಲೆಕ್ಷನ್ನಿನ ಮೈಕು, ಸಂತೇಬೆನ್ನೂರು ಸಂತೆಯ ಮೆಣಸಿನಕಾಯಿ ಚೀಲ, ಹತ್ತಿದ್ದೆಲ್ಲ ಇಳಿದುಹೋಗಿತ್ತು. ಇಳಿಯದೆ ಉಳಿದದ್ದು ಜಿಡ್ಡು. ಸೋರಿದ ಆಯಿಲ್ಲಿಗೆ ಜಗಳೂರು ರಸ್ತೆಯ ಧೂಳು ಕೂತು, ಧೂಳಿನ ಮೇಲೆ ಮತ್ತೆ ಆಯಿಲ್ ಸೋರಿ, ಎಂಜಿನ್ ಅನ್ನುವುದು ಎಮ್ಮೆ ಕೆಸರಲ್ಲಿ ಹೊರಳಿ ಒಣಗಿದಂತೆ ಕಾಣುತ್ತಿತ್ತು.

ತೊಳೆಯದೆ ವಿಧಿಯಿರಲಿಲ್ಲ. ನಾಳೆ ಹೊನ್ನಾಳಿಯಲ್ಲಿ ಎಫ್.ಸಿ. ಬಾಡಿಗೆ ಗಾಡಿ ಇನ್ನೊಂದು ವರ್ಷ ಓಡಾಡಲು ಲಾಯಕ್ಕೋ ಇಲ್ಲವೋ ಅಂತ ನೋಡಿ ಸರ್ಟಿಫಿಕೇಟು ಕೊಡುವ ಶಾಸ್ತ್ರ. ಹಳೇ ಇನ್ಸ್‌ಪೆಕ್ಟರು ಹಾರನ್ ಒತ್ತಿಸಿ, ಬ್ರೇಕ್ ತುಳಿಸಿ, ಸಹಿ ಹಾಕಿ ಕಳಿಸುತ್ತಿದ್ದರು. ಈ ಎಪ್ಪತ್ತೊಂಬತ್ತನೇ ಇಸವಿಗೆ ಹೊಸಬರು ಬಂದಿದ್ದರು. ಕದ್ದ ಎಂಜಿನ್ನುಗಳ ಹಾವಳಿ ಅಂತ, ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರಂತೆ. ಅಚ್ಚು ಮೂಡಿದರೆ ಗಾಡಿ ರಸ್ತೆಗೆ. ಮೂಡದಿದ್ದರೆ ಮನೆ ಮುಂದೆ ಕೋಳಿಗೂಡು. ಹಾಲೇಶಪ್ಪನಿಗೆ ಐವತ್ತಮೂರು. ಬೇರೆ ಕಸುಬು ಕಲಿಯುವ ವಯಸ್ಸೂ ಅಲ್ಲ, ಕಲಿಸುವವರೂ ಇಲ್ಲ.

"ರೇಷನ್ ಸೀಮೆಎಣ್ಣೆ ಪೂರ್ತಿ ಸುರ್ಕೊಂಡ್ರೇನ್ರೀ?" ಹೆಂಡತಿ ಗಾದ್ರಮ್ಮ ಬಾಗಿಲಲ್ಲಿ ಖಾಲಿ ಡಬ್ಬ ಅಲ್ಲಾಡಿಸುತ್ತ ನಿಂತಿದ್ದಳು.

"ಒಂದು ಲೋಟ ಬಿಟ್ಟೀನಿ ನೋಡು."

"ಲೋಟದಾಗೆ ಸ್ಟೌ ಹಚ್ಚಾಕೆ ಬರಲ್ಲ. ಇವತ್ತು ನಿಮ್ಮ ಎಂಜಿನ್ನಿಗೇ ಮುದ್ದೆ ತಿರುವಾಕೆ ಹೇಳ್ರಿ." ಅಷ್ಟು ಹೇಳಿ ಒಳಗೆ ಹೋಗಿ, ಎರಡು ನಿಮಿಷಕ್ಕೆ ಸೌದೆ ಒಲೆ ಹಚ್ಚಿ, ಅವನು ಕೇಳುವ ಮೊದಲೇ ಬಟ್ಟೆ ಸೋಡಾ ಹಾಕಿ ಒಂದು ಹಂಡೆ ನೀರು ಕಾಯಲು ಇಟ್ಟಳು. ಗಾದ್ರಮ್ಮನ ಬೈಗುಳಕ್ಕೂ ಕೆಲಸಕ್ಕೂ ಯಾವತ್ತೂ ತಾಳೆ ಆಗುತ್ತಿರಲಿಲ್ಲ.

ಹಾಲೇಶಪ್ಪ ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಅಡಿಕೆ ಹಾಳೆಯ ಟೋಪಿ ಕಟ್ಟಿದ. ಅಲ್ಲಿ ನೀರು ಹೊಕ್ಕರೆ ನಾಳೆ ಗಾಡಿ ಕೆಮ್ಮುವುದೂ ಇಲ್ಲ. ಆಮೇಲೆ ಸೀಮೆಎಣ್ಣೆ ಬಳಿದು, ನೆನೆಯಲು ಬಿಟ್ಟು, ಇನ್ನೊಂದು ಹಾಳೆಯನ್ನು ಕೈಯಗಲ ಕೊಯ್ದು ಕೆರೆಯತೊಡಗಿದ. ತಗಡಿನಿಂದ ಕೆರೆದರೆ ಗೀರು ಬೀಳುತ್ತದೆ, ಬಟ್ಟೆಗೆ ಜಿಡ್ಡು ಜಗ್ಗುವುದಿಲ್ಲ. ಹಾಳೆ ಮಾತ್ರ ಮೆತ್ತಗೂ ಹೌದು, ಹಟಮಾರಿಯೂ ಹೌದು. ಜಿಡ್ಡು ಹೋಳಿಗೆ ಹೂರಣದಂತೆ ಉಂಡೆ ಉಂಡೆಯಾಗಿ ಉದುರಿತು. ಸೊಂಟ ಬಾಗಿಸಿದರೆ ಬೆನ್ನು ನೋಯುತ್ತಿತ್ತು, ನೆಟ್ಟಗೆ ಮಾಡಿದರೆ ಸೊಂಟ. ಮಧ್ಯಾಹ್ನದ ಹೊತ್ತಿಗೆ ಜಿಡ್ಡು ಬಿಡಿಸಲು ಹೋದವನಿಗೇ ಜಡ್ಡು ಹತ್ತಿದಂತಾಗಿತ್ತು.

ಗ್ಯಾರೇಜಿನ ಗಿಡ್ಡಪ್ಪ ಬೀಡಿ ಕಚ್ಚಿಕೊಂಡು ಬಂದ. ಹೆಸರಿಗೆ ಗಿಡ್ಡಪ್ಪ, ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಅವನ ಬಾಯಲ್ಲಿ ಲೋಕದ ಗಾಡಿಗಳೆಲ್ಲ ಇದ್ದವು. ಲಾರಿ ಗೇರು ಬದಲಿಸುವುದು, ಜೀಪು ದಿಣ್ಣೆ ಹತ್ತುವುದು, ಸ್ಟಾರ್ಟ್ ಆಗದ ಫಿಯೆಟ್ಟು ನರಳುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಈಗ ಹೊಸ ಇನ್ಸ್‌ಪೆಕ್ಟರನ್ನೂ ಕಲಿತು ಬಂದಿದ್ದ. ಕನ್ನಡಕ ಇಲ್ಲದ ಮೂಗಿನ ಮೇಲೆ ಕನ್ನಡಕ ಏರಿಸಿ, ಮೂಗಲ್ಲೇ ಎಳೆದ: "ನಂಬ್ರ... ಎಲ್ರೀ... ನಂಬ್ರಾ?"

"ನಗಿಸಬ್ಯಾಡ ಮಾರಾಯ, ನಕ್ಕರೆ ಬೆನ್ನು ಹಿಡ್ಕಂತತಿ."

"ನಗು ಬಿಡು ಹಾಲೇಶಣ್ಣ, ನಂಬರ್ ತೋರ್ಸು."

ನಂಬರು ಎಲ್ಲಿದೆ ಅಂತ ಹಾಲೇಶಪ್ಪನಿಗೆ ಗೊತ್ತಿತ್ತು. ಎಂಜಿನ್ನಿನ ಪಕ್ಕಕ್ಕೆ ಬಡಿದ ಬೆರಳಗಲದ ಅಲ್ಯೂಮಿನಿಯಂ ಪಟ್ಟಿ. ಹೇಗಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಏಳು ವರ್ಷದ ಹಿಂದೆ ತ್ಯಾವಣಿಗೆ ಹತ್ತಿರ ಬ್ರೇಕ್ ಹಿಡಿಯದೆ ಗಾಡಿ ಹುಣಸೆಮರಕ್ಕೆ ಹೊಡೆದು, ಅವನು ಮೂರು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ. ಎದ್ದು ಬಂದ ಮೊದಲ ಅಮಾವಾಸ್ಯೆಗೆ ಗಾದ್ರಮ್ಮ ಗಾಡಿಗೆ ಪೂಜೆ ಮಾಡಬೇಕು, ವಿಭೂತಿ ಎಲ್ಲಿ ಹಚ್ಚಲಿ ಅಂತ ಕೇಳಿದಳು. ಹಾಲೇಶಪ್ಪ ತಮಾಷೆಗೆ ಆ ಪಟ್ಟಿ ತೋರಿಸಿ, "ಇಲ್ನೋಡು, ಇದೇ ಇದರ ಹಣೆ. ಹಣೆಬರಹ ಇಲ್ಲೇ ಬರೆದೈತೆ" ಅಂದಿದ್ದ. ಅವಳು ಅದನ್ನು ತಮಾಷೆಯಾಗಿ ತಗೊಳ್ಳಲಿಲ್ಲ. ಅವತ್ತಿನಿಂದ ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ, ಸೆರಗಿನಿಂದ ಪಟ್ಟಿ ಒರೆಸಿ, ಅರ್ಧ ನಿಂಬೆಹಣ್ಣು ಹಿಂಡಿ, ಮೂರು ಬೆರಳಲ್ಲಿ ವಿಭೂತಿ ಪಟ್ಟೆ ಎಳೆಯುತ್ತ ಬಂದಿದ್ದಳು. ಅದರ ಮೇಲೆ ಆಯಿಲ್ ಹಾರಿ, ವಿಭೂತಿ ಈಗ ಗಾರೆಯಂತೆ ಗಟ್ಟಿಯಾಗಿತ್ತು.

ಹಾಲೇಶಪ್ಪ ಬಿಸಿ ಸೋಡಾನೀರು ಹಾಕಿ ಹಾಕಿ ಉಜ್ಜಿದ. ಗಾರೆ ಪದರ ಪದರವಾಗಿ ಎದ್ದಿತು. ಕೊನೆಯ ಪದರದ ಕೆಳಗೆ ಬೆಳ್ಳಗೆ ಪಟ್ಟಿ ಕಂಡಿತು. ಬರೀ ಪಟ್ಟಿ. ಸಣ್ಣ ಸಣ್ಣ ಗುಳಿ ಬಿದ್ದ ತಗಡು, ಒಂದು ಅಂಕಿಯೂ ಇಲ್ಲ.

ಗಿಡ್ಡಪ್ಪ ಬಗ್ಗಿ ನೋಡಿದ. ಮುಟ್ಟಿದ. ಬೀಡಿ ಬಾಯಿಂದ ತೆಗೆದ. "ನಿಂಬೆಹಣ್ಣಿನ ಹುಳಿ ತಿಂದೈತೆ ಅಣ್ಣ. ಏಳು ವರ್ಷ ಅಂದ್ರೆ... ಎಂಬತ್ತು ಚಿಲ್ಲರೆ ಸಲ! ಕಬ್ಬಿಣಾನೇ ಉಳಿಯಲ್ಲ, ಇದು ಅಲ್ಯೂಮಿನಿ."

ಒಳಗೆ ಗಾದ್ರಮ್ಮ ಒಲೆ ಊದುವ ಸದ್ದು ಕೇಳುತ್ತಿತ್ತು. "ಮೆಲ್ಲಗೆ ಮಾತಾಡೋ" ಅಂದ ಹಾಲೇಶಪ್ಪ.

"ನನ್ ಹತ್ರ ನಂಬರ್ ಪಂಚು ಅದಾವೆ. ಆರ್.ಸಿ. ಪುಸ್ತಕ ತಗಂಬಾ. ಸುತ್ತಿಗೇಲಿ ಟಕ್ ಟಕ್ ಅಂತ ಹೊಡೆದ್ರೆ ಸಂಜೆಯೊಳಗೆ ಹೊಸ ಹಣೆಬರಹ."

ಹಾಲೇಶಪ್ಪ ಬಂಪರಿನ ಮೇಲೆ ಕೂತ. ತಪ್ಪು ಅನ್ನುವ ಯೋಚನೆ ಬಂತು, ನಿಜ. ಅದಕ್ಕಿಂತ ಮೊದಲು ಬಂದದ್ದು ದಣಿವು. ಇಷ್ಟು ಹೊತ್ತು ಹಳೇ ಕೊಳೆ ತೆಗೆದ ಕೈಯಲ್ಲಿ ಹೊಸ ಸುಳ್ಳು ಹೊಡೆಯುವಷ್ಟು ಬಲ ಉಳಿದಿರಲಿಲ್ಲ. "ಬ್ಯಾಡ ಬಿಡು. ಆಗಿದ್ದು ಆಗ್ಲಿ" ಅಂದ. ಪಟ್ಟಿಯ ಬಲತುದಿ ಡೈನಮೋದ ಕೆಳಗೆ ಒಂದು ಜಿಡ್ಡಿನ ಗಡ್ಡೆಯಲ್ಲಿ ಹೂತಿತ್ತು. ಪಟ್ಟಿ ಅಲ್ಲಿಗೇ ಮುಗಿಯಿತು ಅಂದುಕೊಂಡು ಅದನ್ನು ಕೆರೆಯಲೂ ಹೋಗಲಿಲ್ಲ. ಬಾನೆಟ್ ಇಳಿಸಿಬಿಟ್ಟ.

"ನಂಬರು ಸಿಕ್ತಾ?" ಊಟಕ್ಕೆ ಕೂತಾಗ ಗಾದ್ರಮ್ಮ ಕೇಳಿದಳು.

"ಜಿಡ್ಡು ತಿಂದುಬಿಟ್ಟೈತೆ ಕಣೇ."

"ಜಿಡ್ಡು ಲೋಹ ತಿಂತತಾ?"

"ಹಳೇ ಜಿಡ್ಡು ತಿಂತತಿ" ಅಂದು, ಮುದ್ದೆ ನುಂಗುವ ನೆಪದಲ್ಲಿ ತಲೆ ತಗ್ಗಿಸಿದ.

ಮರುದಿನ ಗಾದ್ರಮ್ಮನೂ ಗಾಡಿ ಹತ್ತಿದಳು. ಹೊನ್ನಾಳಿ ಕೆಲಸ ಮುಗಿಸಿಕೊಂಡು ನ್ಯಾಮತಿಯಲ್ಲಿ ತಂಗಿಯ ಮೊಮ್ಮಗುವನ್ನು ನೋಡಿ ಬರುವುದಿತ್ತು. ಅಮಾವಾಸ್ಯೆ ಬೇರೆ, ಅವಳ ಕೈಚೀಲದಲ್ಲಿ ಕುಲಾವಿ, ಸಕ್ಕರೆ, ಒಂದು ನಿಂಬೆಹಣ್ಣು.

ಹೊನ್ನಾಳಿಯ ಬಯಲಲ್ಲಿ ಬೇವಿನಮರದ ಕೆಳಗೆ ಇನ್ಸ್‌ಪೆಕ್ಟರು ಮೇಜು ಹಾಕಿ ಕೂತಿದ್ದರು. ಮುಂದಿನ ಎರಡು ಗಾಡಿ ಆಗಲೇ ಪಕ್ಕಕ್ಕೆ ನಿಂತಿದ್ದವು. ಹೊಸದಾಗಿ ಪಂಚ್ ಹೊಡೆಸಿದ್ದು ಪೆನ್ಸಿಲ್ಲಿಗೆ ಸಿಕ್ಕಿಬಿದ್ದಿತ್ತು, ಕೇಸ್ ಬರೆಯುತ್ತಿದ್ದರು. ಬ್ರೇಕು ಆಯಿತು, ಲೈಟು ಆಯಿತು. ಬಾನೆಟ್ ಎತ್ತಿಸಿದ ಇನ್ಸ್‌ಪೆಕ್ಟರು ಕನ್ನಡಕ ಮೂಗಿಗೇರಿಸಿ ಎಳೆದರು: "ನಂಬ್ರ... ಎಲ್ರೀ... ನಂಬ್ರಾ?"

ಥೇಟ್ ಗಿಡ್ಡಪ್ಪ. ಬರುತ್ತಿದ್ದ ಅಳುವಿನ ನಡುವೆ ನಗು ನುಗ್ಗಿ, ಹಾಲೇಶಪ್ಪ ಕೆಮ್ಮಿ ಸುಧಾರಿಸಿಕೊಂಡ. "ಸ್ವಾಮಿ, ಅಳಿಸಿ ಹೋಗೈತ್ರಿ. ಪೂಜೆ ಮಾಡಿ ನಿಂಬೆಹಣ್ಣು ಹಿಂಡಿ ಹಿಂಡಿ ಹುಳಿ ತಿಂದುಬಿಟ್ಟೈತೆ."

"ಯಾರ್ರೀ ಹಿಂಡಿದ್ದು?"

"ನಾನೇ ಸ್ವಾಮಿ. ತಿಳೀದೆ ಮಾಡಿದೆ."

ಹಿಂದಿನ ಸೀಟಿನ ಬಾಗಿಲು ತೆರೆದ ಸದ್ದಾಯಿತು. ಗಾದ್ರಮ್ಮ ಇಳಿದು ಬಂದು ಎಂಜಿನ್ ಮುಂದೆ ನಿಂತಳು. "ಸುಳ್ಳು ಹೇಳ್ತಾರ್ರೀ ಇವ್ರು. ಇವ್ರು ನಿಂಬೆಹಣ್ಣು ಮಜ್ಜಿಗೆಗೂ ಹಿಂಡಿದೋರಲ್ಲ. ಹಿಂಡಿದೋಳು ನಾನು." ಗಂಡನ ಕಡೆ ತಿರುಗಿ, "ಜಿಡ್ಡು ತಿಂತು ಅಂದ್ರಲ್ಲ? ನಿನ್ನೆ ಒಲೆ ಊದ್ತಿದ್ದೆ ಅಷ್ಟೇ, ಕಿವಿ ಮುಚ್ಕಂಡಿರಲಿಲ್ಲ" ಅಂದಳು.

ಹಾಲೇಶಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

ಅವಳು ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿಕೊಂಡು ಡೈನಮೋದ ಕೆಳಗೆ ಬಗ್ಗಿದಳು. "ಇದು ಪೂರ್ತಿ ಪಟ್ಟಿ ಅಲ್ರೀ. ಈ ಕಡೆ ನನ್ ಕೈ ಹಿಡೀತಿರಲಿಲ್ಲ. ಹುಳೀನೂ ಹೋಗಿಲ್ಲ, ವಿಭೂತೀನೂ ಹೋಗಿಲ್ಲ, ಏಳು ವರ್ಷ ಹಂಗೇ ಬಿಟ್ಟೀನಿ." ಪಿನ್ನಿನಿಂದ ಕೆರೆದಳು. ಹೊಳೆಯುವ ಎಂಜಿನ್ನಿನಲ್ಲಿ ಉಳಿದಿದ್ದ ಆ ಒಂದೇ ಒಂದು ಜಿಡ್ಡಿನ ಗಡ್ಡೆ ಉದುರಿತು. ಸೆರಗಿನಿಂದ ಒರೆಸಿದಳು. ನಾಲ್ಕು, ಏಳು, ಸೊನ್ನೆ, ಎರಡು. ಮೊನ್ನೆ ಮೊನ್ನೆ ಅಚ್ಚೊತ್ತಿದಷ್ಟು ಚೊಕ್ಕ.

ಇನ್ಸ್‌ಪೆಕ್ಟರು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಆರ್.ಸಿ. ಪುಸ್ತಕದ ಕೊನೆಯ ನಾಲ್ಕು ಅಂಕಿ ನೋಡಿದರು, ಚಾಸಿ ನಂಬರು ನೋಡಿದರು, ಗುಳಿಬಿದ್ದ ಎಡಭಾಗವನ್ನು ಉಗುರಲ್ಲಿ ತಡವಿದರು. ಪಂಚಿನ ಗುರುತು ಎಲ್ಲೂ ಇರಲಿಲ್ಲ. ಬೆಳಗಿನಿಂದ ಬಿಸಿಲಲ್ಲಿ ಬಗ್ಗಿ ಬಗ್ಗಿ ಅವರಿಗೂ ಸಾಕಾಗಿತ್ತು.

"ನೋಡ್ರೀ, ನಿಮ್ಮ ಪೂಜೆ ಅಳ್ಸಿದ್ದನ್ನ ನಿಮ್ಮ ಕೊಳೆ ಉಳ್ಸೈತೆ" ಅಂದರು. "ಆರು ತಿಂಗಳಿಗೆ ಕೊಡ್ತೀನಿ. ಅಷ್ಟರೊಳಗೆ ಅರ್ಜಿ ಹಾಕಿ ಹೊಸಾ ಪಟ್ಟಿ ಬಡಿಸ್ಕೊಂಡು ಬರ್ರಿ. ಮತ್ತೆ ಅದರ ಮೇಲೆ ಹಿಂಡಿದ್ರೆ ನಾನೇ ನಿಮ್ಮನ್ನ ಹಿಂಡ್ತೀನಿ."

ಗಾಡಿ ನ್ಯಾಮತಿ ರಸ್ತೆ ಹಿಡಿಯಿತು. ಗಾದ್ರಮ್ಮ ಮುಂದಿನ ಸೀಟಿಗೆ ಬಂದು ಕೂತಿದ್ದಳು.

"ನನ್ ಮುಂದೆ ಹೇಳಿದ್ರೆ ಏನಾಗ್ತಿತ್ತು?"

"ಅಮಾವಾಸ್ಯೆ ಬಂದ್ರೆ ನೀನು ಕೈಯಾಗೆ ನಿಂಬೆಹಣ್ಣು ಹಿಡ್ಕಂಡು ಸುಮ್ನೆ ನಿಂತ್ಕಂತಿದ್ದೆ. ಅದನ್ನ ನೋಡಾಕೆ ಆಗ್ತಿರಲಿಲ್ಲ."

ಅವಳು ಕಿಟಕಿ ಕಡೆ ಮುಖ ಮಾಡಿದಳು. ಆಮೇಲೆ ಚೀಲದಿಂದ ನಿಂಬೆಹಣ್ಣು ತೆಗೆದು, ಕೊಯ್ಯದೆ, ಹಿಂಡದೆ, ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಇಟ್ಟಳು.

"ಇಲ್ಲಿಟ್ರೆ ಏನೂ ತಿನ್ನಲ್ಲ ಅಲ್ಲೇನ್ರೀ?"

"ಇಲ್ಲಿ ತಿನ್ನಾಕೆ ಏನೂ ಇಲ್ಲ" ಅಂದ ಹಾಲೇಶಪ್ಪ. "ನಾನೊಬ್ಬ ಇದೀನಿ."

ತಿರುವಿನಲ್ಲಿ ನಿಂಬೆಹಣ್ಣು ಉರುಳಿ ಅವನ ಕಡೆ ಬಂತು. ಒಂದು ಕೈಯಲ್ಲಿ ಅದನ್ನು ತಡೆದು ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಗಾಡಿಯನ್ನು ನಿಧಾನಕ್ಕೆ ತಿರುಗಿಸಿದ.