ಉದ್ದಯ್ಯನ ಪರೀಕ್ಷೆ

ಬತ್ತಿಹೋಗಿದ್ದ ಜೌಗಿಗೆ ನೀರು ಮರಳಿದ ಮೇಲೆ, ಅಲ್ಲಿಂದ ಎಂದೋ ಕಣ್ಮರೆಯಾಗಿದ್ದ ಸಾರಸ ಹಕ್ಕಿಗಳನ್ನೂ ಮರಳಿ ತರುವ ಕೆಲಸ ನಮ್ಮ ಅತ್ತಿಗೆಯ ಪಾಲಿಗೆ ಬಂತು. ಮನುಷ್ಯರಿಗೆ ಒಗ್ಗಿಬಿಟ್ಟ ಮರಿ ಜೌಗಿನಲ್ಲಿ ಬಾಳುವುದಿಲ್ಲ. ಅದಕ್ಕೇ ಅವರು ಬೂದು ನಿಲುವಂಗಿಯಲ್ಲಿ ಮುಖ ಮುಚ್ಚಿಕೊಂಡು, ಕೈಗೆ ಕೊಕ್ಕಿನಂಥ ಗವಸು ತೊಟ್ಟು, ಸಾರಸದ ದನಿಯಲ್ಲೇ ಕೂಗುತ್ತ ಮರಿಗಳನ್ನು ಸಾಕಿದರು. ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ಒಮ್ಮೊಮ್ಮೆ ಅದೇ ದನಿ.

"ಗಂಡನ ಹಕ್ಕೆಲ್ಲ ಹಕ್ಕಿಗೇ ಹೋಯ್ತು," ಎಂದು ಅಣ್ಣ ಗೊಣಗುತ್ತಿದ್ದ.

ಬಿಡುಗಡೆಯ ಬೆಳಿಗ್ಗೆ ಕೊನೆಯ ಪರೀಕ್ಷೆ. ಅತ್ತಿಗೆ ವೇಷ ಕಳಚಿ ಹತ್ತಿರ ಹೋಗಬೇಕು. ಆಗ ಮರಿ ಸಲುಗೆಯಿಂದ ಬಳಿಗೆ ಬಂದರೆ, ಅದಕ್ಕೆ ಜೀವನಪೂರ್ತಿ ಪಂಜರವೇ ಗತಿ.

ಅವರ ಮುದ್ದಿನ ಮರಿ ಉದ್ದಯ್ಯ ತಲೆಯೆತ್ತಿ ನೋಡಿತು. ಒಂದು ಹೆಜ್ಜೆ ಮುಂದಿಟ್ಟಿತು, ಆಮೇಲೆ ಇನ್ನೊಂದು.

"ಬರಬೇಡ್ವೋ ಮಹರಾಯ," ಎಂದು ಅಣ್ಣ ನನ್ನ ಪಕ್ಕದಲ್ಲಿ ಪಿಸುಗುಟ್ಟಿದ.

ಉದ್ದಯ್ಯ ಕತ್ತು ಚಾಚಿ ಅತ್ತಿಗೆಯ ಮೊಣಕೈಗೆ ರಪ್ಪನೆ ಕುಕ್ಕಿತು. ಮರುಕ್ಷಣವೇ ಕೂಗಿ ರೆಕ್ಕೆ ಬಿಚ್ಚಿತು. ಅದರ ಹಿಂದೆ ಇಡೀ ಹಿಂಡು ನೀರಿನ ಮೇಲೆ ಹಾರಿಹೋಯಿತು.

"ಅಯ್ಯೋ, ರಕ್ತ ಬರ್ತಿದೆ ಕಣೇ!" ಎಂದು ಅಣ್ಣ ಓಡಿದ.

"ಬರ್ಲಿ ಬಿಡ್ರೀ! ನಾನು ಯಾರೂಂತಲೇ ಗೊತ್ತಾಗ್ಲಿಲ್ಲ ಅದಕ್ಕೆ!" ಎನ್ನುತ್ತ ಅತ್ತಿಗೆ ಕೆಸರಿನಲ್ಲೇ ಕುಣಿದರು.